ಹಂಚಿನ ಮ್ಯಾಲಿನ ಪ್ರೆಟ್ಜೆಲ್

ಹನುಮಸಾಗರದಾಗ ಒಬ್ಬ ಅಕ್ಕಾರ ಮನಿಗೆ ಓವನ್ ರಿಪೇರಿಗೆ ಹೋಗಿದ್ದೆ. ಅವರು ಫೋನ್‌ನ್ಯಾಗ ನೋಡಿ, ಪ್ರೆಟ್ಜೆಲ್ ಅನ್ನೋ ಪರದೇಶದ ತಿನಿಸು ಮಾಡಾಕ ಮೈದಾಹಿಟ್ಟು ನಾದಿ ಇಟ್ಟಿದ್ರು. ಹಿಟ್ಟು ಉಬ್ಬಿ ಪಾತ್ರಿ ಮೀರಿತ್ತು, ಬೀಗರು ಬರೋ ಹೊತ್ತಾಗಿತ್ತು, ಓವನ್ ಮಾತ್ರ ತಣ್ಣಗ ಕುಂತಿತ್ತು.

"ಇನ್ನೊಂದು ತಾಸು ಬೇಕ್ರಿ ಅಕ್ಕಾರ," ಅಂದೆ.

"ಹಿಟ್ಟು ತಡಿಯಂಗಿಲ್ಲ ತಮ್ಮಾ. ನೀ ನಿನ್ನ ಕೆಲಸ ಮಾಡು," ಅಂದವರೇ ರೊಟ್ಟಿ ಹಂಚು ಒಲಿ ಮ್ಯಾಲಿಟ್ರು.

ಹಿಟ್ಟನ್ನ ಶ್ಯಾವಿಗಿ ಹೊಸೆದಂಗ, ಆದ್ರ ದಪ್ಪಗ ಹೊಸೆದು, ಎರಡೂ ತುದಿ ತಿರುವಿ ಒತ್ತಿದ್ರು. ಸಾಲಿ ಹುಡುಗರು ಕೈಕಟ್ಟಿ ಕುಂತಂಗ ಪ್ರೆಟ್ಜೆಲ್ ಹಂಚಿನ ಮ್ಯಾಲೆ ಕುಂತ್ವು. ಮುಚ್ಚಳ ಮುಚ್ಚಿ, ಸಣ್ಣ ಉರಿ ಇಟ್ಟು, ಎರಡೂ ಮಗ್ಗಲ ಕೆಂಪಗ ಬೇಯಿಸಿದ್ರು. ಆಮ್ಯಾಲೆ ಬೆಣ್ಣಿ ಸವರಿ, ಸಕ್ರಿ ಬೆರೆಸಿದ ದಾಲ್ಚಿನ್ನಿ ಪುಡಿಯಾಗ ಹೊರಳಿಸಿದ್ರು. ದಾಲ್ಚಿನ್ನಿ ಇರೋದು ಪಲಾವಿಗೆ ಅಂತ ತಿಳಿದಿದ್ದ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಮೂರು ತಿಂದೆ. ಏನು ರುಚಿ ಅಂತೀರಿ!

ಕಡೀಕ ಓವನ್‌ನೂ ಕಾಯ್ತು. "ರೆಡಿ ಆತ್ರಿ ಅಕ್ಕಾರ!" ಅಂದೆ, ಎದಿ ಉಬ್ಬಿಸಿ.

"ಛಲೋ ಆತು ತಮ್ಮಾ. ಈಗ ಅದನ್ನ ಬಂದ್ ಮಾಡು, ಆರಲಿ. ಉಳಿದವನ್ನ ಅದರಾಗ ಮುಚ್ಚಿಡ್ತೀನಿ, ಇಲ್ಲಂದ್ರ ಇರುವಿ ಮುತ್ತತಾವ."