ಕಣದಲ್ಲಿ ಹೇಳಿದ ವ್ಯಂಗ್ಯದ ಪಾಠ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಕನ್ನಡ ಮೇಷ್ಟ್ರು. ಐದಕ್ಕೆ ಏಳುವುದು, ಅಂದಿನ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು, ಆಮೇಲೆ ಸ್ನಾನ. ಆ ವಾರದ ಪಾಠ ವ್ಯಂಗ್ಯ. ಆಡಿದ ಮಾತು ಒಂದು, ಅದರ ಗುರಿ ಇನ್ನೊಂದು. ಹೊಗಳಿ ಬೈದರೂ ಬೈದು ಹೊಗಳಿದರೂ ವ್ಯಾಜಸ್ತುತಿ. ಒಳ್ಳೆಯದಕ್ಕೆಂದು ಮಾಡಿದ್ದು ಕೇಡಿಗೆ ತಿರುಗಿದರೆ ಅದು ಮಾತಿನ ವ್ಯಂಗ್ಯವಲ್ಲ, ಸಂಗತಿಯದು, ವಿಪರ್ಯಾಸ.

ಭಾನುವಾರ ಕುಪ್ಪಗಡ್ಡೆಯ ಅಕ್ಕನ ಮನೆಗೆ ಹೋದೆ. ಕಣದಲ್ಲಿ ಭತ್ತದ ಒಕ್ಕಲು ನಡೆದಿತ್ತು. ರೋಗ ಬಿದ್ದು ಅರ್ಧ ಜೊಳ್ಳಾಗಿ, ಭಾವನ ರಾಶಿ ಮೊಣಕಾಲೆತ್ತರವೂ ಇರಲಿಲ್ಲ. ಆಸ್ತಿ ಪಾಲಾದ ಮೇಲೆ ಎರಡು ವರ್ಷ ಮಾತು ಬಿಟ್ಟಿದ್ದ ಅವರ ತಮ್ಮ ಅಂದು ತಾನಾಗಿಯೇ ಬಂದ. ಚಪ್ಪಲಿ ಹೊರಗೆ ಬಿಟ್ಟು ರಾಶಿಗೆ ಕೈಮುಗಿದ.

"ಎಂಥ ರಾಶಿ ಅಣ್ಣಯ್ಯ! ಗುಡ್ಡ ಕಂಡಂಗೆ ಐತಲ್ಲ."

ಭಾವ ತಲೆಯೆತ್ತಿದರು. ಬಿಗಿದ ಮುಖ ಸಡಿಲವಾಗುತ್ತಿತ್ತು. ನಾನು ಸುಮ್ಮನಿರಬೇಕಿತ್ತು.

"ಕೇಳಿದ್ರಾ ಭಾವ? ಇದೇ ವ್ಯಾಜಸ್ತುತಿ. ಹೊಗಳಿದ ಹಾಗೆ ಮಾಡಿ ಹಂಗಿಸೋದು."

"ಹಂಗಿಸಾಕೆ ಬಂದ್ಯೇನಲೇ?"

ಭಾವನ ಕೈಯಲ್ಲಿದ್ದ ಹುಲ್ಲು ತಿರುವುವ ದೊಣ್ಣೆ ಮೊದಲು ತಮ್ಮನ ಹೆಗಲಿಗೆ ಬಿತ್ತು. ಎರಡನೆಯದಕ್ಕೆ ಅವನು ಕೈ ಅಡ್ಡ ಹಿಡಿದ; ಮೊಣಕೈ ಒಣಬಿದಿರಿನಂತೆ ಸದ್ದು ಮಾಡಿತು. ಮೂರನೆಯದು ತಲೆಗೆ. ರಕ್ತ ಭತ್ತದ ಮೇಲೆ ಚಿಮ್ಮಿತು. ಭಾವನನ್ನು ಹಿಂದಿನಿಂದ ಅಪ್ಪಿ ಹಿಡಿದೆ; ಅವರ ಮೊಣಕೈ ತಗುಲಿ ನನ್ನ ಮುಂದಿನ ಹಲ್ಲು ಮುರಿಯಿತು. ಬಿದ್ದವನನ್ನು ಅವರು ಕಾಲಿನಿಂದಲೂ ಒದ್ದರು. ಅಕ್ಕ ಓಡಿಬಂದು ಅವನ ಮೇಲೆ ಅಡ್ಡ ಬಿದ್ದ ಮೇಲೆಯೇ ನಿಂತದ್ದು.

ಸೊರಬದ ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ, ಅವನ ತಲೆಗೆ ಸೆರಗು ಒತ್ತಿ ಹಿಡಿದು ಅಕ್ಕ ಹೇಳಿದಳು:

"ಕಣದಾಗೆ ಕಮ್ಮಿ ಅನ್ನಬಾರ್ದು ಕಣೋ. ಹಿಡಿಯಷ್ಟಿದ್ರೂ ಗುಡ್ಡ ಅಂತ್ಲೇ ಅನ್ಬೇಕು. ರಾಜಿಯಾಗಾಕೆ ಬಂದಿದ್ದ ಅವ್ನು."

ಪೇಟೆಯಲ್ಲೇ ಬೆಳೆದ ನನಗೆ ಆ ವಾಡಿಕೆ ಗೊತ್ತಿರಲಿಲ್ಲ. ಭಾವನಿಗೆ ಗೊತ್ತಿತ್ತು, ಆದರೂ ಎರಡು ವರ್ಷದ ಸಿಟ್ಟಿಗೆ ನನ್ನ ಒಂದು ಮಾತು ಸಾಕಾಯಿತು.

ಆಸ್ಪತ್ರೆಗೆ ಪೊಲೀಸಿನವರು ಬಂದರು. ತಮ್ಮ ಒಂದು ಮಾತು ಹೇಳಿದರೆ ಭಾವ ಜೈಲಿಗೆ.

"ಗಾಡಿ ಮೇಲಿಂದ ಬಿದ್ದೆ ಸ್ವಾಮಿ. ನಮ್ಮಣ್ಣಯ್ಯ ದೇವರಂಥೋನು, ಅವನೇ ಎತ್ತಿ ಕೂರಿಸ್ದ."

ಅವರು ಹೋದ ಮೇಲೆ ನನ್ನ ಕಡೆ ತಿರುಗಿದ. "ಮೇಷ್ಟ್ರೇ, ಇದಕ್ಕೇನಂತಾರೆ ನಿಮ್ ಪುಸ್ತಕದಾಗೆ?"

ಆ ಕೈ ಮತ್ತೆ ಮಡಚಲಿಲ್ಲ. ಮುಂದಿನ ಮಳೆಗಾಲದಿಂದ ತಮ್ಮನ ಗದ್ದೆಯನ್ನೂ ಭಾವನೇ ಉತ್ತರು.

ಕಣದ ಆ ಭಾನುವಾರದ ಮರುದಿನ, ಸೋಮವಾರ, ತರಗತಿಯಲ್ಲಿ ಹುಡುಗರು ವ್ಯಾಜಸ್ತುತಿಗೆ ಇನ್ನೊಂದು ಉದಾಹರಣೆ ಕೇಳಿದರು. ಮುಂದಿನ ಪಾಠ ತೆಗೆಯಿರಿ ಎಂದೆ.