ಸುಟ್ಟವನು ಕೇಳಬಾರದು

ಟಾಲ್ಬೂರಾ ಊರಿನ ಪುರಭವನದಲ್ಲಿ ಎಫ್ರೈಮ್ ಗಿಲ್‌ಕ್ರಿಸ್ಟನ ಪಟವಿದೆ. ಕೊರಳಲ್ಲಿ ಮೇಯರನ ಸರಪಳಿ, ಒಪ್ಪವಾದ ಗಡ್ಡ, ಬೆಳ್ಳಗಿನ ಕೈಗಳು. ಆ ಕೈಗಳು ಅವನವಲ್ಲ. ಪಟ ಬರೆದವನು ಬೇರೆ ಯಾರದೋ ಕೈ ನೋಡಿ ಬರೆದಿರಬೇಕು, ಏಕೆಂದರೆ ಗಿಲ್‌ಕ್ರಿಸ್ಟನ ಉಗುರಿನ ಸಂದಿಯಿಂದ ಮಸಿ ಹೋದದ್ದನ್ನು ಈ ಊರಲ್ಲಿ ಯಾರೂ ಕಂಡವರಿಲ್ಲ. ಸತ್ತ ಮೇಲೆ ಊರು ಮನುಷ್ಯನನ್ನು ತೊಳೆದು, ಇಸ್ತ್ರಿ ಮಾಡಿ, ಗೋಡೆಗೆ ನೇತುಹಾಕುತ್ತದೆ. ಭಾಷಣ ಮಾಡುವವರಿಗೆ ಅಷ್ಟು ಸಾಕು. ಅವನ ಬದುಕು ಅಷ್ಟು ನಯವಾಗಿರಲಿಲ್ಲ.

ಅವನು ಸ್ಕಾಟ್ಲೆಂಡಿನ ನೇಕಾರನ ಮಗ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವುದು ಕಲಿತು, ಚಿನ್ನದ ಹುಚ್ಚಿನಲ್ಲಿ ಎಲ್ಲರಂತೆ ಹಡಗು ಹತ್ತಿ ವಿಕ್ಟೋರಿಯಾಕ್ಕೆ ಬಂದ. ತೋಡಿದ ಗುಂಡಿಯಲ್ಲೆಲ್ಲ ಕೆಸರು ಬಿಟ್ಟರೆ ಮತ್ತೇನೂ ಸಿಗಲಿಲ್ಲ. ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಊರಿಂದ ಬಂದ ಹಳೇ ಪತ್ರಿಕೆಯೊಂದನ್ನು ಹರಿದು ಚಿಂದಿಯಾಗುವ ತನಕ ಗುಡಾರದಿಂದ ಗುಡಾರಕ್ಕೆ ಒಯ್ದು ಗಣಿಯವರು ಓದುತ್ತಿದ್ದರು. ಓದಲು ಬಾರದವರು ಓದಿಸಿಕೊಳ್ಳುತ್ತಿದ್ದರು. ಅವನು ಗುದ್ದಲಿ ಮಾರಿದ, ಮೆಲ್ಬರ್ನಿಗೆ ನಡೆದ, ಎತ್ತಿನ ಬಂಡಿಯ ಮೇಲೆ ಒಂದು ಹಳೇ ಕೈಪ್ರೆಸ್ಸು ಹೇರಿಕೊಂಡು ಬಂದ. ಟಾಲ್ಬೂರಾದ ಒಂದು ಗುಡಾರದಲ್ಲೇ ‘ಮೆಸೆಂಜರ್’ ಪತ್ರಿಕೆ ಶುರುವಾಯಿತು. ಹೆಂಡತಿ ಇಸೊಬೆಲ್ ಒಂದು ಕಡೆ ಕುರಿಮಾಂಸದ ಸಾರು ಕುದಿಸುತ್ತ, ಇನ್ನೊಂದು ಕಡೆ ಕಾಗದ ಮಡಿಸುತ್ತಿದ್ದಳು. ಆ ಕಾಲದ ಸಂಚಿಕೆಗಳಿಗೆ ಸಾರಿನ ವಾಸನೆ ಇರುತ್ತಿತ್ತೆಂದು ಹಳಬರು ಈಗಲೂ ನಗುತ್ತಾರೆ.

ಕೆಲವು ವರ್ಷಗಳಲ್ಲೇ ರಸ್ತೆಯ ಆಚೆಬದಿಗೆ ಕಾರ್ನೀಲಿಯಸ್ ಹ್ಯಾಕೆಟ್ ಎಂಬ ಐರಿಷ್ ಮನುಷ್ಯ ಬಂದು ‘ವಾಯ್ಸ್’ ಪತ್ರಿಕೆ ತೆರೆದ. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ‘ಮೆಸೆಂಜರಿನಲ್ಲಿ ಕಟ್ಟಿಕೊಟ್ಟ ಮಾಂಸ ಮನೆ ಮುಟ್ಟುವ ಮೊದಲೇ ಬೇಸರದಿಂದ ಕೊಳೆಯುತ್ತದೆ’ ಎಂದು ಹ್ಯಾಕೆಟ್ ಬರೆದರೆ, ‘ಎದುರುಬದಿಯ ಪತ್ರಿಕೆಯಲ್ಲಿ ಮಾಂಸ ಕಟ್ಟಲು ಕಟುಕನಿಗೇ ಮರ್ಯಾದೆ ಅಡ್ಡ ಬರುತ್ತದೆ’ ಎಂದು ಗಿಲ್‌ಕ್ರಿಸ್ಟ್ ಬರೆಯುತ್ತಿದ್ದ. ಕುಡಿಯುವ ನೀರಿಗೆ, ದೀಪಕ್ಕೆ, ಸ್ಮಶಾನದ ಬೇಲಿಗೆ, ಎಲ್ಲದಕ್ಕೂ ಕಾಲು ಕೆರೆದು ಜಗಳ. ಊರಿಗೋ, ಎರಡೂ ಪತ್ರಿಕೆ ಕೊಳ್ಳದೆ ಮಜಾ ಇಲ್ಲ.

ಆದರೆ ಆಸ್ಪತ್ರೆಯ ವಿಷಯದಲ್ಲಿ ಗಿಲ್‌ಕ್ರಿಸ್ಟ್ ತಮಾಷೆ ಮಾಡುತ್ತಿರಲಿಲ್ಲ. ಅವನ ಮಗ ಆಂಗಸ್‌ನ ಕಾಲಿನ ಮೇಲೆ ಬಂಡಿಯ ಚಕ್ರ ಹರಿದಿತ್ತು. ಆಸ್ಪತ್ರೆ ಇದ್ದದ್ದು ಹಾರ್ಟ್‌ವೆಲ್ಲಿನಲ್ಲಿ, ಒಂದು ಹಗಲಿನ ದಾರಿ. ಕೆಸರಿಗೆ ಅಡ್ಡಡ್ಡ ದಿಮ್ಮಿ ಹಾಸಿದ ಆ ರಸ್ತೆಯಲ್ಲಿ ಬಂಡಿ ಎಗರಿದಾಗಲೆಲ್ಲ ಹುಡುಗ ಅಪ್ಪನ ಕೈ ಕಚ್ಚುತ್ತಿದ್ದ. ಹಳ್ಳ ದಾಟುವಷ್ಟರಲ್ಲಿ ಕಚ್ಚುವುದು ನಿಂತಿತು. ಅಂದಿನಿಂದ ಟಾಲ್ಬೂರಾದಲ್ಲೇ ಆಸ್ಪತ್ರೆ ಆಗಬೇಕೆಂದು ಅವನು ಬರೆಯದ ವಾರವಿಲ್ಲ, ಹತ್ತದ ಮೆಟ್ಟಿಲಿಲ್ಲ. ಮೇಯರಾದದ್ದೂ ಅದಕ್ಕೇ. ಹ್ಯಾಕೆಟ್ ಅದಕ್ಕೂ ಅಡ್ಡ ನಿಂತ. ಮೊದಲು ರೈಲು ಬರಲಿ, ಬಡ ಅಂಗಡಿಯವರ ಮೇಲೆ ಹೊಸ ತೆರಿಗೆ ಬೇಡ ಎಂಬುದು ಅವನ ವಾದ. ಸುಳ್ಳು ವಾದವೇನಲ್ಲ. ತೆರಿಗೆ ಕಟ್ಟುವವರೆಲ್ಲ ಮತ ಹಾಕಿ ತೀರ್ಮಾನಿಸಲಿ ಎಂದು ಕೊನೆಗೆ ನಗರಸಭೆ ಹೇಳಿತು. ಮತದಾನ ಒಂದು ಗುರುವಾರಕ್ಕೆ ಗೊತ್ತಾಯಿತು. ಊರು ಸರಿಯಾಗಿ ಎರಡು ಪಾಲಾಗಿತ್ತು. ಬುಧವಾರದ ‘ವಾಯ್ಸ್’ ಏನು ಹೇಳುತ್ತದೋ ಅದರ ಮೇಲೆ ತಕ್ಕಡಿ ವಾಲುವುದಿತ್ತು.

ಆ ಮಂಗಳವಾರ ಬೆಳಗ್ಗೆ ಬಿಸಿಗಾಳಿ ಎದ್ದು, ಲಾಯದಲ್ಲಿ ಹತ್ತಿದ ಕಿಡಿ ‘ವಾಯ್ಸ್’ ಕಚೇರಿಗೆ ಹಾರಿತು. ಗಿಲ್‌ಕ್ರಿಸ್ಟನೂ ಬಕೆಟ್ಟಿನ ಸಾಲಿನಲ್ಲಿ ನಿಂತು ನೀರು ದಾಟಿಸಿದ. ಪ್ರಯೋಜನವಾಗಲಿಲ್ಲ. ಹ್ಯಾಕೆಟ್ ಮೊಳೆಪೆಟ್ಟಿಗೆ ಎಳೆಯಲು ಒಳಗೆ ನುಗ್ಗಿ ಎರಡೂ ಕೈ ಸುಟ್ಟುಕೊಂಡ. ಮಾಡು ಕುಸಿದ ಮೇಲೆ ರಸ್ತೆಯಲ್ಲೇ ಒಂದು ಪೀಪಾಯಿಯ ಮೇಲೆ ಕೂತ. ಎದುರುಬದಿಯ ‘ಮೆಸೆಂಜರ್’ ಬಾಗಿಲಿನತ್ತ ಅವನು ಒಂದು ಸಲವೂ ತಿರುಗಿ ನೋಡಲಿಲ್ಲ.

ನೋಡಬಾರದಿತ್ತು ಕೂಡ. ಗಣಿ ಊರುಗಳ ಪತ್ರಿಕೆಯವರಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬನ ಅಚ್ಚುಕೂಟ ಸುಟ್ಟರೆ, ಕೊಚ್ಚಿಹೋದರೆ, ಅವನ ಪತ್ರಿಕೆ ಇನ್ನೊಬ್ಬನಲ್ಲಿ ಅಚ್ಚಾಗಬೇಕು; ಬರೆದದ್ದರಲ್ಲಿ ಒಂದು ಮಾತೂ ಬದಲಾಗಬಾರದು. ಆದರೆ ಸುಟ್ಟವನು ಬಾಯಿಬಿಟ್ಟು ಕೇಳಬಾರದು. ಅಚ್ಚುಕೂಟ ಉಳಿದವನೇ ಅವನನ್ನು ಕರೆಯಲು ಆಳು ಕಳಿಸಬೇಕು. ಕಳಿಸದಿದ್ದರೆ ಯಾರೂ ಯಾಕೆಂದು ಕೇಳುವಂತಿಲ್ಲ. ಗಿಲ್‌ಕ್ರಿಸ್ಟ್ ಏನೂ ಮಾಡಬೇಕಾಗಿರಲಿಲ್ಲ, ಎರಡು ದಿನ ಸುಮ್ಮನೆ ಕೂತಿದ್ದರೆ ಸಾಕಿತ್ತು. ಅದೇ ಬಿಸಿತುಪ್ಪವಾಯಿತು.

ಮಧ್ಯಾಹ್ನ ಇಸೊಬೆಲ್ ತಣ್ಣಗಿನ ಮಾಂಸ, ಬ್ರೆಡ್ಡು ಇಟ್ಟಳು. ಅವನು ಮುಟ್ಟಲಿಲ್ಲ.

“ಆಳು ಕಳಿಸ್ತೀಯಾ?” ಎಂದಳು.

“ಇನ್ನೂ ಕಳಿಸಿಲ್ಲ.”

“ಕಳಿಸ್ಬೇಡ. ನಾನೇನು ಕೆಟ್ಟದ್ದು ಮಾಡು ಅಂತಿಲ್ಲ, ಎಫ್ರೈಮ್. ಸುಮ್ನಿರು ಅಂತಿದೀನಿ. ಶುಕ್ರವಾರ ಕರೆಸು. ಶುಕ್ರವಾರ ನಾನೇ ಹೋಗಿ ಕರ್ಕೊಂಡ್ ಬರ್ತೀನಿ, ಕೈಗೆ ಬೆಣ್ಣೆ ಹಚ್ತೀನಿ, ಊಟಕ್ಕೂ ಹಾಕ್ತೀನಿ.”

“ಬೆಂಕಿ ಬಿದ್ದಿದ್ದು ಇವತ್ತು.”

“ಹಾರ್ಟ್‌ವೆಲ್ ರಸ್ತೇಲಿ ಆ ಬಂಡೀಲಿ ಕೂತಿದ್ದವಳು ನಾನೂ ಹೌದು. ನಿನ್ನ ಕೈ ಕಚ್ಚಿದ ಮಗು ನನ್ನ ಮಡಿಲಲ್ಲಿತ್ತು. ಇನ್ನೊಬ್ಬಳ ಮಗು ಹಾಗೆ ಹೋದ್ರೆ ಅವಳಿಗೆ ಏನಂತ ಹೇಳ್ತೀಯಾ? ಪತ್ರಿಕೆಯವರ ಕಟ್ಟುಪಾಡು ತಾಯಿ ಅಂತೀಯಾ?”

ಅವಳು ಹೇಳಿದ್ದು ನಿಜ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದ. ಆಳು ಕಳಿಸುವ ಬದಲು ತಾನೇ ರಸ್ತೆ ದಾಟಿ ಪೀಪಾಯಿಯ ಮುಂದೆ ನಿಂತ.

“ಎಷ್ಟೊತ್ತು ಕೂತಿರ್ತೀಯಾ? ಪ್ರೆಸ್ಸು ಖಾಲಿ ಇದೆ,” ಎಂದ.

ಹ್ಯಾಕೆಟ್ ತಲೆ ಎತ್ತಿದ. “ನಾಳೆ ನಾನೇನು ಹಾಕ್ತೀನಿ ಅಂತ ಗೊತ್ತು ತಾನೆ ನಿಂಗೆ?”

“ಹೊಗಳಿ ಬರೆದಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ. ಏಳು.”

ಮೆಸೆಂಜರಿನ ಮೇಸ್ತ್ರಿ ಪ್ರೋಸರ್ ವೇಲ್ಸಿನವನು, ಹಟಮಾರಿ. ವಿಷಯ ತಿಳಿದದ್ದೇ ಕೈ ಒರೆಸಿ ಅಂಗಿ ತೊಟ್ಟ.

“ಯಜಮಾನ್ರೆ, ನಿಮ್ಮ ಮುಖಕ್ಕೆ ಉಗಿಯೋ ಮಾತಿಗೆ ಮೊಳೆ ಜೋಡಿಸೋಕೆ ನನ್ನ ಕೈ ಬರಲ್ಲ. ಬೇಕಾದ್ರೆ ಕೆಲಸದಿಂದ ತೆಗೀರಿ.”

“ತೆಗೆಯೋದಿಲ್ಲ. ಹೋಗಿ ಚಹಾ ಕುಡಿ. ಮೊಳೆ ನಾನು ಜೋಡಿಸ್ತೀನಿ.”

ಹೀಗೆ, ತನ್ನ ಮೇಲಿನ ಬೈಗುಳಕ್ಕೆ ತಾನೇ ಮೊಳೆ ಜೋಡಿಸಲು ಮೇಯರ್ ಗಿಲ್‌ಕ್ರಿಸ್ಟ್ ತೋಳು ಮಡಿಸಿ ನಿಂತ. ಹ್ಯಾಕೆಟ್ ಬರೆದಿಟ್ಟದ್ದೆಲ್ಲ ಸುಟ್ಟುಹೋಗಿತ್ತು, ಕೈಗೆ ಬಟ್ಟೆ ಸುತ್ತಿತ್ತು. ಕುರ್ಚಿಯಲ್ಲಿ ಕೂತು ನೆನಪಿನಿಂದ ಹೇಳುತ್ತ ಹೋದ. ಗಿಲ್‌ಕ್ರಿಸ್ಟನಿಗೆ ಸರಪಳಿಯ ಆಸೆ ಎಂದ, ಲೆಕ್ಕ ಬಾರದವನು ಎಂದ, ಬಡವರ ಬೆವರು ಅವನಿಗೆ ನೀರಿಗಿಂತ ಅಗ್ಗ ಎಂದ. ಗಿಲ್‌ಕ್ರಿಸ್ಟನ ಬೆರಳುಗಳು ನಿಲ್ಲಲಿಲ್ಲ. ಒಂದು ಕಡೆ ಮಾತ್ರ, “ಇಲ್ಲಿ ವಾಕ್ಯ ಉದ್ದ ಆಯ್ತು, ಉಸಿರು ಕಟ್ಟುತ್ತೆ,” ಎಂದ. “ಬದಲಾಯಿಸೋ ಹಾಗಿಲ್ಲ,” ಎಂದ ಹ್ಯಾಕೆಟ್. ಇಬ್ಬರಿಗೂ ನಗು ಬಂತು.

ಆಮೇಲೆ ಹ್ಯಾಕೆಟ್ ಮಾತು ನಿಲ್ಲಿಸಿದ.

“ಮುಂದೆ?”

“ಮುಂದಿನ ಸಾಲು ಬೇಡ. ಬಿಟ್ಬಿಡು.”

“ನೀನು ಬರೆದಿದ್ಯೋ ಇಲ್ವೋ?”

“ಬರೆದಿದ್ದೆ. ಅದು ಎದುರಿಗೆ ಕೂತು ಹೇಳೋ ಮಾತಲ್ಲ, ಗಿಲ್‌ಕ್ರಿಸ್ಟ್.”

“ಬೆಂಕಿ ಬೀಳದಿದ್ರೆ ಅಚ್ಚಾಗ್ತಿತ್ತು ತಾನೆ? ಹೇಳು.”

ಹ್ಯಾಕೆಟ್ ಕಿಟಕಿ ಕಡೆ ಮುಖ ಮಾಡಿ ಹೇಳಿದ: ‘ಒಬ್ಬ ತಂದೆ ತನ್ನ ಮಗನ ಗೋರಿಯ ಮೇಲೆ ಎಷ್ಟು ದೊಡ್ಡ ಕಟ್ಟಡ ಬೇಕಾದರೂ ಕಟ್ಟಲಿ, ಆದರೆ ಅದರ ಕಲ್ಲನ್ನು ಊರಿನ ಬಡವರಿಂದ ಹೊರಿಸಬಾರದು.’

ಗಿಲ್‌ಕ್ರಿಸ್ಟ್ ಅದನ್ನೂ ಜೋಡಿಸಿದ. ಹೊತ್ತು ಹಿಡಿಯಿತು. ಒಂದು ಮೊಳೆ ಕೆಳಗೆ ಬಿತ್ತು. ಬಗ್ಗಿ ಹುಡುಕಿ, ಒರೆಸಿ, ಅದರ ಜಾಗದಲ್ಲಿಟ್ಟ. ಕರಡಚ್ಚು ತೆಗೆದು ತಾನೇ ತಿದ್ದಿದ. ಆ ಸಂಚಿಕೆಯಲ್ಲಿ ಒಂದೇ ಒಂದು ಅಚ್ಚಿನ ತಪ್ಪಿಲ್ಲ.

ಗುರುವಾರ ಸಂಜೆ ಎಣಿಕೆ ಮುಗಿಯಿತು. ಆಸ್ಪತ್ರೆ ಸೋತಿತು, ಬೆರಳಲ್ಲಿ ಎಣಿಸುವಷ್ಟು ಮತಗಳಲ್ಲಿ. ಆ ಸಾಲು ಊರಿನವರ ಬಾಯಲ್ಲೆಲ್ಲ ಓಡಾಡಿತ್ತು. ಪತ್ರಿಕೆ ಇಸೊಬೆಲ್ ಕೈಗೂ ಬಂದಿತ್ತು. “ಇದನ್ನ ನೀನೇ ಜೋಡಿಸಿದ್ಯಾ?” ಎಂದು ಕೇಳಿದಳು. ಹೌದೆಂದ. ಅವಳು ಅದನ್ನು ನಾಲ್ಕಾಗಿ ಮಡಿಸಿ ಒಲೆಗೆ ಹಾಕಿದಳು. ಮತ್ತೆ ಆ ಮಾತು ತೆಗೆಯಲಿಲ್ಲ. ಅಡುಗೆ ಮಾಡಿದಳು, ಕಾಗದ ಮಡಿಸಿದಳು, ಚರ್ಚಿಗೆ ಅವನ ಜೊತೆಯಲ್ಲೇ ಹೋದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಹ್ಯಾಕೆಟ್ ಹೊಸ ಪ್ರೆಸ್ಸು ತರಿಸಿ ರಸ್ತೆಯ ಆಚೆಬದಿಯಲ್ಲೇ ಮತ್ತೆ ಬಾಗಿಲು ತೆರೆದ, ಜಗಳ ಎಂದಿನಂತೆ ನಡೆಯಿತು.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ಇಸೊಬೆಲ್‌ಗೆ ಹೊಟ್ಟೆನೋವು ಶುರುವಾಯಿತು. ಊರಿನ ಡಾಕ್ಟರು ಒತ್ತಿ ನೋಡಿ, ಇದು ಮನೆಯಲ್ಲಿ ಆಗುವ ಕೆಲಸವಲ್ಲ, ಹಾರ್ಟ್‌ವೆಲ್ಲಿಗೆ ಒಯ್ಯಬೇಕು ಎಂದರು. ಗಿಲ್‌ಕ್ರಿಸ್ಟ್ ಬಂಡಿಗೆ ಹಾಸಿಗೆ ಹಾಸಿದ. ಬೆಳಗ್ಗೆ ಹೊರಟರು. ದಿಮ್ಮಿಗಳ ಮೇಲೆ ಬಂಡಿ ಎಗರಿದಾಗ ಅವಳು ತುಟಿ ಕಚ್ಚಿದಳು, ಅವನ ಕೈ ಹಿಡಿಯಲಿಲ್ಲ.

“ನಾಳೆ ಪತ್ರಿಕೆ ಬರ್ಬೇಕಲ್ಲ. ಪ್ರೋಸರ್‌ಗೆ ಹೇಳಿದ್ಯಾ?” ಎಂದಳು.

“ಪತ್ರಿಕೆ ಹಾಳಾಗ್ಲಿ, ಇಸೊಬೆಲ್.”

“ಹಾಳಾಗ್ಬಾರ್ದು,” ಎಂದಳು. “ಅದಕ್ಕೆ ಕೊಟ್ಟಿದ್ದು ಸ್ವಲ್ಪ ಅಲ್ಲ ನಾವು.”

ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯಲೆಂದು ದಡದಲ್ಲಿ ಕಾದರು. ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ನಿಂತಿತು, ಕಾಯುವ ಅಗತ್ಯ ಉಳಿಯಲಿಲ್ಲ. ಅವಳು ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ, ಅವನಿಗೆ ಕೇಳುವ ಧೈರ್ಯ ಬರಲಿಲ್ಲ. ಬಂಡಿ ತಿರುಗಿಸಿಕೊಂಡು ಬಂದ.

ಮುಂದಿನ ‘ವಾಯ್ಸ್’ನಲ್ಲಿ ಹ್ಯಾಕೆಟ್ ಆಸ್ಪತ್ರೆ ಬೇಕೆಂದು ಬರೆದ. ತಾನು ತಪ್ಪಿದೆ ಎಂದು ಬರೆಯಲಿಲ್ಲ, ಅಂಥ ಜಾತಿಯವನಲ್ಲ ಅವನು. ಬೇಕು ಎಂದಷ್ಟೇ ಬರೆದ, ವಾರವಾರವೂ ಬರೆದ. ಮತ್ತೆ ಮತ ಹಾಕಿದಾಗ ಎದುರು ನಿಂತವರು ಯಾರೂ ಇರಲಿಲ್ಲ. ಅಡಿಗಲ್ಲಿಡುವ ದಿನ ಗಿಲ್‌ಕ್ರಿಸ್ಟ್ ಬೆಳ್ಳಿಯ ಕರಣೆಯಿಂದ ಗಾರೆ ಹಚ್ಚಿ, ಭಾಷಣ ಮಾಡದೆ ಇಳಿದ. ಬ್ಯಾಂಡಿನವರೂ ಜನರೂ ಊಟದ ಮೇಜುಗಳತ್ತ ಹೋದರು. ಹ್ಯಾಕೆಟ್ ಮಾತ್ರ ಹತ್ತಿರ ಬಂದ.

“ನೀನು ಅವತ್ತು ರಸ್ತೆ ದಾಟಿ ಬರ್ಬಾರ್ದಿತ್ತು, ಗಿಲ್‌ಕ್ರಿಸ್ಟ್. ನಾನು ಕೇಳಿರ್ಲಿಲ್ಲ.”

“ಹೌದು. ಬರ್ಬಾರ್ದಿತ್ತು.” ಗಿಲ್‌ಕ್ರಿಸ್ಟ್ ಕೈಗೆ ಹತ್ತಿದ ಗಾರೆ ಉಜ್ಜಿದ. “ಬರದಿದ್ರೆ ಅವಳು ಇವತ್ತು ಅಲ್ಲಿ ಮೇಜಿನ ಹತ್ರ ಚಹಾ ಬಗ್ಗಿಸ್ತಾ ಇರ್ತಿದ್ಲು. ಆದ್ರೆ ನಾಳೆ ನಿನ್ನ ಅಚ್ಚುಕೂಟಕ್ಕೆ ಬೆಂಕಿ ಬಿದ್ರೆ ನಾನು ಮತ್ತೆ ಬರ್ತೀನಿ. ಅದು ನಂಗೆ ಗೊತ್ತು, ಹ್ಯಾಕೆಟ್. ಅವಳಿಗೂ ಗೊತ್ತು. ಅದಕ್ಕೇ ಅವಳ ಗೋರಿ ಹತ್ರ ಹೋಗಿ ನಿಲ್ಲೋಕೆ ನನ್ನ ಕೈಲಿ ಆಗ್ತಿಲ್ಲ.”

ಇಬ್ಬರೂ ಊಟಕ್ಕೆ ಹೋಗದೆ ಸ್ಮಶಾನದ ದಾರಿ ಹಿಡಿದರು. ಗಿಲ್‌ಕ್ರಿಸ್ಟ್ ಗೇಟಿನ ಹೊರಗೇ ನಿಂತುಬಿಟ್ಟ. ಹ್ಯಾಕೆಟ್ ಸ್ವಲ್ಪ ಹೊತ್ತು ಕಾದು ನೋಡಿ, ತಾನೊಬ್ಬನೇ ಒಳಗೆ ಹೋಗಿ, ಅವಳ ಕಲ್ಲಿನ ಮುಂದೆ ಟೋಪಿ ತೆಗೆದ.