ಪ್ರೇಮಕುಮಾರಿ ಸಾಕ್ಷಿ ಹೇಳಿದ್ದು

ಹಾಸನದ ಆ ಬೀದಿಯಲ್ಲಿ ಪ್ರೇಮಕುಮಾರಿಗೆ ಸಿಟ್ಟು ಬಂದದ್ದನ್ನು ಬಹಳ ಕಾಲ ಯಾರೂ ಕಂಡಿರಲಿಲ್ಲ. ಸಿಟ್ಟು ಇರಲಿಲ್ಲವೆಂದಲ್ಲ, ನುಂಗಿಕೊಂಡು ಅಭ್ಯಾಸವಾಗಿತ್ತು. ಅರಕಲಗೂಡಿನಿಂದ ಸೊಸೆಯಾಗಿ ಬಂದವಳು. ಹೆಣ್ಣು ನೋಡಲು ಬಂದ ದಿನವೇ ಅತ್ತೆಯಾಗುವಾಕೆ ಎಲ್ಲರೆದುರು "ಹುಡ್ಗಿ ಲಕ್ಷಣವಾಗವ್ಳೆ, ಆದ್ರೆ ಎಣ್ಣೆಗಪ್ಪು" ಅಂದಿದ್ದರು. ಆ ಕಪ್ಪಿಗೆ ಪರಿಹಾರವೆಂಬಂತೆ ಅಪ್ಪ ಒಂದು ಹಿಟ್ಟಿನ ಗಿರಣಿ ಹಾಕಿಸಿಕೊಟ್ಟ ಮೇಲೆ ಮದುವೆ ಕುದುರಿತು. ಗಂಡ ಬಸವರಾಜು ಸಾಧು ಮನುಷ್ಯ. ಗಿರಣಿ ನಡೆಸಿದ್ದೆಲ್ಲ ಅವಳೇ. ಹಿಟ್ಟಿನ ಧೂಳು ಮೆತ್ತಿಕೊಂಡು ಒಳಗೆ ಬಂದರೆ, ಗಂಡನ ಅಣ್ಣ ಪರಮಶಿವಯ್ಯನವರು "ನೋಡ್ರೋ, ಪ್ರೇಮ ಇವತ್ತು ಬೆಳ್ಳಗಾಗವ್ಳೆ" ಎನ್ನುವರು. ಮನೆಯೆಲ್ಲ ನಗುವುದು. ಅವಳೂ ನಗುವಳು.

ಶೋಭಿತಾ ಮೊದಲು ಬಂದದ್ದು ಅಕ್ಕಿ ಬೀಸಿಸಿಕೊಳ್ಳಲು. ಗುಂಗುರು ಕೂದಲು, ತನಗಿಂತ ಕಪ್ಪಾದ ಮೈಬಣ್ಣ ಕಂಡು, ಯಾವುದೋ ಹೊರದೇಶದವಳೆಂದು ಪ್ರೇಮಕುಮಾರಿ ಕೈಸನ್ನೆಯಲ್ಲೇ ಡಬ್ಬ ಇಡು ಎಂದಳು.

"ರೊಟ್ಟಿಗೆ ಅಮ್ಮ, ಸ್ವಲ್ಪ ಸಣ್ಣಗೆ ಬೀಸಿ. ನನಗೆ ಕನ್ನಡ ಬರ್ತದೆ."

ಪ್ರೇಮಕುಮಾರಿ ಪೆಚ್ಚಾದಳು. ಹುಡುಗಿ ಯಲ್ಲಾಪುರದ ಕಡೆಯ ಸಿದ್ದಿ. ಅವಳ ಪೂರ್ವಿಕರನ್ನು ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರನ್ನಾಗಿ ತಂದಿದ್ದರಂತೆ. ತಪ್ಪಿಸಿಕೊಂಡವರು ಕಾಡು ಸೇರಿ ಅಲ್ಲೇ ಊರು ಕಟ್ಟಿಕೊಂಡರಂತೆ. ನರ್ಸಿಂಗ್ ಓದಿ ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ್ದಳು. ಬಾಡಿಗೆ ಮನೆ ಸಿಕ್ಕಿರಲಿಲ್ಲ. ಫೋನಿನಲ್ಲಿ ಬಾರಮ್ಮ ಎಂದವರು ಮುಖ ನೋಡಿದ ಕೂಡಲೇ "ಈಗ್ತಾನೇ ಬೇರೆಯವ್ರಿಗೆ ಕೊಟ್ಬುಟ್ವಿ" ಎನ್ನುತ್ತಿದ್ದರು.

"ನಮ್ಮನೆ ಮಹಡಿ ಮೇಲೊಂದು ರೂಮದೆ, ನೋಡು" ಎಂದಳು ಪ್ರೇಮಕುಮಾರಿ.

ಹುಡುಗಿ ಆ ರೂಮಿಗೆ ಬಾಡಿಗೆಗೆ ಬಂದ ವಾರವೇ ಪರಮಶಿವಯ್ಯನವರು ಬಂದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಈಗ ನಾಲ್ಕು ಮನೆ ಆಚೆ ಬೇರೆ ಇರುವವರು.

"ಅಲ್ಲ ಪ್ರೇಮ, ರಕ್ತ ಅಂತ ಒಂದದೆ. ಕೆಲವು ಜನಾಂಗ ಆಳೋಕೆ ಹುಟ್ಟಿರ್ತವೆ, ಕೆಲವು ಆಳಾಗಿರೋಕೆ. ಇದು ನನ್ ಮಾತಲ್ಲ, ವಿಜ್ಞಾನ."

ಮೂಗಿನ ಉದ್ದ, ತಲೆಬುರುಡೆಯ ಅಳತೆ ಹೇಳುವ ವಿಡಿಯೊ ಒಂದನ್ನು ಮೊಬೈಲಿನಲ್ಲಿ ತೋರಿಸಿದರು. ಬಸವ ಜಯಂತಿಯಂದು ಇದೇ ಬಾಯಿ ಎಲ್ಲರೂ ಸಮಾನರೆಂದು ಭಾಷಣ ಮಾಡಿದ್ದನ್ನು ಅವಳು ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದಳು.

"ಅಂಗಾದ್ರೆ ನಾನ್ಯಾವ್ ಲೆಕ್ಕ ಭಾವ?"

"ನಿಂದು ಬಿಡು, ಬಿಸಿಲಿನ ಬಣ್ಣ. ಒಳಗಿರೋದು ನಮ್ಮ ರಕ್ತಾನೇ."

ಇದನ್ನು ಅವರು ಉಪಕಾರದ ಮಾತೆಂದೇ ಹೇಳಿದ್ದರು. ಪ್ರೇಮಕುಮಾರಿ ಎದ್ದುಹೋಗಿ ಗಿರಣಿಯ ಸ್ವಿಚ್ ಹಾಕಿದಳು. ಆ ಸದ್ದಿನಲ್ಲಿ ಭಾವನ ಮಿಕ್ಕ ಮಾತು ಕೇಳಿಸಲಿಲ್ಲ.

ಒಂದು ಭಾನುವಾರ ಶೋಭಿತಾಳ ಅಣ್ಣ ಊರಿನಿಂದ ಹಲಸಿನ ಹಪ್ಪಳದ ಚೀಲ ಹೊತ್ತು ಬಂದ. ಪರಮಶಿವಯ್ಯನವರ ಮಗ ರಜನೀಶ್ ಅವನ ವಿಡಿಯೊ ಮಾಡಿ, 'ನಮ್ಮ ಬೀದಿಗೆ ನೀಗ್ರೋ ಗ್ಯಾಂಗ್ ಬಂದಿದೆ, ಚೀಲದಲ್ಲಿ ಗಾಂಜಾ' ಎಂದು ಬರೆದು ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಮಾರನೆಯ ಮಧ್ಯಾಹ್ನ ಡ್ಯೂಟಿ ಮುಗಿಸಿ ಬರುತ್ತಿದ್ದ ಶೋಭಿತಾಳನ್ನು ಅವನೂ ಅವನ ಗೆಳೆಯರೂ ಗಿರಣಿಯೆದುರೇ ಅಡ್ಡಗಟ್ಟಿದರು. ಬ್ಯಾಗು ಕಸಿದು ರಸ್ತೆಗೆ ಸುರಿದರು. ಬಿದ್ದದ್ದು ಒಂದು ಟಿಫಿನ್ ಡಬ್ಬಿ, ಛತ್ರಿ, ಮಡಿಸಿದ ಯೂನಿಫಾರ್ಮು.

"ಲೇ, ಇದು ನಿಜವಾದ ಕೂದ್ಲೇನ್ಲಾ, ಇಲ್ಲ ತಂತಿಯಾ?" ಎಂದು ರಜನೀಶ್ ಅವಳ ಜುಟ್ಟಿಗೆ ಕೈಹಾಕಿ ಎಳೆದ. ತಲೆ ಹಿಂದಕ್ಕೆ ವಾಲಿತು. ಹುಡುಗರು ಮೊಬೈಲ್ ಹಿಡಿದು ನಗುತ್ತಿದ್ದರು. ಕಿರಾಣಿ ಅಂಗಡಿಯ ಪುಟ್ಟಸ್ವಾಮಿ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ.

ಪ್ರೇಮಕುಮಾರಿ ಯಾವಾಗ ಬೀದಿಗಿಳಿದಳೋ ಅವಳಿಗೇ ಗೊತ್ತಿಲ್ಲ.

"ಚಿಕ್ಕಮ್ಮ, ನೀನು ಒಳಗೋಗು" ಎಂದ ರಜನೀಶ್.

ಅವಳು ಕೆನ್ನೆಗೆ ಬಾರಿಸಿದಳು. ಹಿಟ್ಟಿನ ಕೈ ಅವನ ಮುಖದ ಮೇಲೆ ಮೂಡಿತು. "ಬುಡೋ ಕೂದ್ಲ. ಬುಡ್ತೀಯೋ ಇಲ್ಲ ಕೈ ಮುರೀಬೇಕೋ."

ಹುಡುಗರು ಚದುರಿದರು. ಶೋಭಿತಾಳನ್ನು ಒಳಗೆ ಕರೆತಂದು ನೀರು ಕೊಟ್ಟು, "ಅವ್ನ್ಗೆ ಇನ್ನೂ ಅದೆ, ಅವ್ರಪ್ಪನ್ ಕರ್ಸಿ ಉಗೀತೀನಿ" ಎಂದಳು.

ಶೋಭಿತಾ ಲೋಟ ಕೆಳಗಿಟ್ಟಳು. ಅಳುತ್ತಿರಲಿಲ್ಲ. "ನೀವು ಹೊಡದ್ರಿ ಅಮ್ಮ, ಸರಿ. ಅಷ್ಟಕ್ಕೆ ಮುಗಿಸಿದ್ರೆ ಇದು ನಿಮ್ಮ ಮನೆ ಜಗಳ ಆಗ್ತದೆ. ಅವ ಎಳದಿದ್ದು ನನ್ನ ಕೂದಲು. ನಾನು ಸ್ಟೇಷನ್ನಿಗೆ ಹೋಗ್ತೆ. ನೀವು ಕಂಡದ್ದು ಹೇಳ್ತೀರಾ?"

ಎದುರಿಗಿದ್ದವಳು ತಾನು ಕಾಪಾಡಿದ ಹುಡುಗಿ ಎಂದು ಪ್ರೇಮಕುಮಾರಿ ಅಂದುಕೊಂಡಿದ್ದಳು. ಅವಳಿಗೆ ಬೇಕಿದ್ದದ್ದು ಸಾಕ್ಷಿ.

"ನಡಿ, ಯೋಳ್ತೀನಿ."

ಠಾಣೆಯಲ್ಲಿದ್ದ ಅಧಿಕಾರಿ ಕುರ್ಚಿ ತೋರಿಸಿ, "ಅಕ್ಕಪಕ್ಕದೋರು, ರಾಜಿ ಮಾಡ್ಕಳಿ" ಎಂದರು. ಸಿದ್ದಿಗಳು ಪರಿಶಿಷ್ಟ ಪಂಗಡದವರು, ಜಾತಿ ನಿಂದನೆಯ ಕಾಯ್ದೆಯಡಿ ದೂರು ಬರೆದುಕೊಳ್ಳಿ ಎಂದು ಶೋಭಿತಾ ಹೇಳಿದಾಗ ಅವರು ತಲೆಯೆತ್ತಿ ನೋಡಿದರು. ಅಷ್ಟರಲ್ಲಿ ಪರಮಶಿವಯ್ಯನವರು ಓಡಿಬಂದರು.

"ಪ್ರೇಮ, ನಮ್ಮ ವಂಶದ ಹುಡ್ಗ ಜೈಲಿಗೋಗ್ಬೇಕಾ? ಯಾವಳೋ ಒಬ್ಳಿಗೋಸ್ಕರ? ಹುಡುಗ್ರು ತಮಾಷೆ ಮಾಡ್ಯವ್ರೆ."

"ತಮಾಷೆ ಅಂದ್ರೆ ಇಬ್ರೂ ನಗ್ಬೇಕು ಭಾವ. ಅವ್ಳು ನಗ್ತಿರ್ಲಿಲ್ಲ. ನಿಮ್ಮನೇಲಿ ನಾನು ಇಷ್ಟೊರ್ಸ ನಕ್ಕಿದ್ದೂ ನಗು ಅಂದ್ಕಂಡಿದ್ದೀರಾ? ರಕ್ತ, ರಕ್ತ ಅಂತೀರಲ್ಲ. ನೀವು ಬಾಯಲ್ಲಿ ಹೇಳ್ಕೊಟ್ಟಿದ್ದನ್ನ ಅವ್ನು ಕೈಯಲ್ಲಿ ಮಾಡ್ದ. ಜೈಲಿಗೆ ಅವ್ನೊಬ್ನೇ ಓಗ್ತಾನಲ್ಲ ಅನ್ನೋದೇ ನಂಗೆ ಹೊಟ್ಟೆಯುರಿ."

ಸಂಜೆಯ ಹೊತ್ತಿಗೆ ದೂರು ದಾಖಲಾಯಿತು. ರಜನೀಶ್ ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಅಂದಿನಿಂದ ಬೀದಿಯ ಅರ್ಧ ಜನ ಬೇರೆ ಗಿರಣಿಗೆ ಹೋಗತೊಡಗಿದರು. ನೆಂಟರ ಮನೆಯ ಗೃಹಪ್ರವೇಶಕ್ಕೆ ಕರೆಯಲಿಲ್ಲ. ಒಂದು ಬೆಳಿಗ್ಗೆ ಷಟರಿನ ಮೇಲೆ ಯಾರೋ ಹಳೇ ಎಂಜಿನ್ ಆಯಿಲ್ ಎರಚಿದ್ದರು. ಬಸವರಾಜು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತ ನಿಂತ.

"ಕೇಸು ಬುಟ್ಬುಡೋಣ ಅಂತೀರಾ?" ಕೇಳಿದಳು.

"ನಾನೆಲ್ಲಿ ಅಂದೆ?" ಎಂದು ಅವನು ಒರೆಸುವುದನ್ನು ಮುಂದುವರಿಸಿದ.

ಸಾಕ್ಷಿಯ ದಿನ ಕೋರ್ಟಿನ ಹೊರಗಿನ ಬೆಂಚಿನಲ್ಲಿ ಬಸವರಾಜು ಶೋಭಿತಾಳ ಅಣ್ಣನ ಪಕ್ಕ ಕೂತಿದ್ದ. ಪರಮಶಿವಯ್ಯನವರು ಎದುರು ಬಂದರು. ಅಣ್ಣ ಬಂದರೆ ತಮ್ಮ ಏಳುವುದು ಆ ಮನೆಯ ಪದ್ಧತಿ. ಬಸವರಾಜು ಕೂತೇ ಇದ್ದ.

ಒಳಗೆ ಆರೋಪಿಯ ಪರ ವಕೀಲ ಕೇಳಿದ: "ಆಸ್ತಿ ವಿಚಾರವಾಗಿ ನಿಮ್ಮ ಭಾವನ ಮೇಲೆ ದ್ವೇಷ ಇತ್ತು, ಅದಕ್ಕೇ ಸುಳ್ಳು ಹೇಳ್ತಿದ್ದೀರಿ, ಹೌದೋ ಅಲ್ವೋ?"

"ಆಸ್ತಿಗಲ್ಲ ಸಾ. ದ್ವೇಷ ಇರೋದು ನಿಜ, ಈಗ್ಲೂ ಅದೆ. ಸುಳ್ಳು ಮಾತ್ರ ಹೇಳ್ತಿಲ್ಲ. ಇಗೋ ಇವನೇ, ಈ ಕೈಯಲ್ಲೇ ಎಳೆದಿದ್ದು."

ತೀರ್ಪು ಇನ್ನೂ ಬಂದಿಲ್ಲ. ಶೋಭಿತಾ ಅದೇ ಮಹಡಿಯ ರೂಮಿನಲ್ಲಿದ್ದಾಳೆ.